ಉಪ್ಪು ಹಸಿರು ಬೆಳಕು ಕೊಟ್ಟರೆ ಮೊದಲು ಕುಟ್ಟಾಣಿ ನೋಡಿ

ವಿಜಯಪುರದ ಹತ್ತಿರದ ತಿಕೋಟಾದ ಗೊಬ್ಬರದ ಅಂಗಡಿಯಲ್ಲಿ ಎರಡು ಪಾಕೀಟು ಅಕ್ಕಪಕ್ಕ ಇರುತ್ತವೆ. ಒಂದರಲ್ಲಿ ನೀಲಿ ಮೈಲುತುತ್ತ. ದ್ರಾಕ್ಷಿ ತೋಟದವರು ಬೋರ್ಡೋ ದ್ರಾವಣ ಮಾಡಲು ಒಯ್ಯುತ್ತಾರೆ. ಇನ್ನೊಂದರಲ್ಲಿ ಬಿಳಿ ಪುಡಿ, ಮೇಲೆ 00:52:34 ಎಂದು ಬರೆದಿರುತ್ತದೆ. ನೀಲಿಯದು ಕಾಪರ್ ಸಲ್ಫೇಟ್. ಬಿಳಿಯದು ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್, ಅಂದರೆ ಲೇಸರ್ ಲ್ಯಾಬಿನವರು ಕೆಡಿಪಿ ಎಂದು ಕರೆಯುವ ಅದೇ ವಸ್ತು.

ನಾನು ಎರಡನ್ನೂ ಒಂದೊಂದು ಕಿಲೋ ಕೊಂಡು ಬೆಳಗಾವಿ ಬಸ್ಸಿಗೆ ಹೊರಟಾಗ ಅಂಗಡಿಯ ಕಾಕಾ ತಡೆದರು.

"ಏನೋ ತಮ್ಮಾ, ಕಾಲೇಜಿನ್ಯಾಗ ದ್ರಾಕ್ಷಿ ಹಚ್ಚೀರೇನು?"

"ಇಲ್ಲ ಕಾಕಾ, ಬೆಳಕಿನ ಪ್ರಯೋಗಕ್ಕ ಬೇಕಾಗೇದ."

"ಬೆಳಕಿಗೂ ಗೊಬ್ಬರಾ! ಚಲೋ ಆತು ಬಿಡು."

ಕಾಕಾ ನಕ್ಕರು. ಆದರೆ ಆ ಎರಡು ಪಾಕೀಟಿನಲ್ಲಿ ನಮ್ಮ ವಿಷಯದ ಅರ್ಧ ಇತ್ತು. ಕೆಡಿಪಿ ಹರಳಿನ ಮೇಲೆ ಕಣ್ಣಿಗೆ ಕಾಣದ 1064 ನ್ಯಾನೋಮೀಟರ್ ಲೇಸರ್ ಬಿಟ್ಟರೆ 532 ನ್ಯಾನೋಮೀಟರಿನ ಹಸಿರು ಬೆಳಕು ಸಲೀಸಾಗಿ ಹೊರಬರುತ್ತದೆ. ಅದರ ಹರಳಿಗೆ ಇನ್ವರ್ಶನ್ ಸೆಂಟರ್ ಇಲ್ಲ (ಅದೇನೆಂದು ಮುಂದೆ ಹೇಳುತ್ತೇನೆ). ಮೈಲುತುತ್ತದ ಹರಳಿಗೆ ಅದೊಂದನ್ನು ಬಿಟ್ಟರೆ ಬೇರೆ ಯಾವ ಸಮಮಿತಿಯೂ ಇಲ್ಲ. ಪುಸ್ತಕದ ಪ್ರಕಾರ ಇನ್ವರ್ಶನ್ ಸೆಂಟರ್ ಇರುವ ವಸ್ತುವಿನಿಂದ ಎರಡನೇ ಹಾರ್ಮೋನಿಕ್, ಅಂದರೆ ಹೀಗೆ ತರಂಗಾಂತರ ಅರ್ಧವಾದ ಬೆಳಕು, ಬರಬಾರದು. ಆದರೂ ಸಿಲಿಕಾನ್, ಬೆಳ್ಳಿ, ಗಾಜು ಎಲ್ಲದರಿಂದಲೂ ಅದು ಬಂದಿದೆ. ಅದನ್ನು ಹಿಡಿಯುವುದು ಹೇಗೆ, ಹಿಡಿದ ಮೇಲೆ ಅದು ಎಲ್ಲಿಂದ ಬಂತು ಎಂದು ತೋರಿಸುವುದು ಹೇಗೆ, ಅಷ್ಟೇ ಇಲ್ಲಿನ ವಿಷಯ. ಎಂಎಸ್ಸಿ ಪ್ರಾಜೆಕ್ಟಿಗೆ ಈ 1064 ಕೊಡುವ ಎನ್‌ಡಿ-ಯಾಗ್ ಲೇಸರ್ ಸಿಕ್ಕಿರುವ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಮನೆಯಲ್ಲಿ ಮಾಡುವ ಪ್ರಯೋಗ ಅಲ್ಲ ಇದು.

ಮೊದಲು ಮೈನಸ್ ಎಣಿಸಲು ಕಲಿಯಿರಿ

ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ನಟ್ಟ ನಡುವೆ ಒಂದು ಚುಕ್ಕಿ. ಯಾವ ಎಳೆಯನ್ನೇ ಹಿಡಿಯಿರಿ, ನಡುಚುಕ್ಕಿಯ ಮೂಲಕ ನೇರ ಆಚೆ ಹೋದರೆ ಅಷ್ಟೇ ದೂರದಲ್ಲಿ ಅದರ ಜೋಡಿ ಸಿಗುತ್ತದೆ. ಹರಳಿನಲ್ಲಿ ಇದೇ ಮಾತು ಮೂರೂ ದಿಕ್ಕಿಗೆ ಅನ್ವಯಿಸಿದರೆ ಅದಕ್ಕೆ ಇನ್ವರ್ಶನ್ ಸೆಂಟರ್ ಇದೆ ಎನ್ನುತ್ತೇವೆ. ಹರಳುಗಳ 32 ವರ್ಗಗಳಲ್ಲಿ 11ಕ್ಕೆ ಇದು ಇದೆ. ನಾನು ಪಾಠದಲ್ಲಿ ನಡುಚುಕ್ಕಿ ಎಂದೇ ಹೇಳುತ್ತೇನೆ, ಇಲ್ಲೂ ಹಾಗೇ ಬರೆಯುತ್ತೇನೆ.

ಈಗ ಲೆಕ್ಕ. ಲೇಸರಿನ ವಿದ್ಯುತ್ ಕ್ಷೇತ್ರ ವಸ್ತುವಿನ ಎಲೆಕ್ಟ್ರಾನುಗಳನ್ನು ಅಲ್ಲಾಡಿಸುತ್ತದೆ. ಅದರಿಂದ ಹುಟ್ಟುವುದು ಧ್ರುವೀಕರಣ, ಅಂದರೆ ವಸ್ತುವಿನೊಳಗಿನ ವಿದ್ಯುದಂಶಗಳು ಆಚೀಚೆ ಸರಿಯುವುದು. ಎರಡನೇ ಹಾರ್ಮೋನಿಕ್‌ಗೆ ಬೇಕಾದ ಧ್ರುವೀಕರಣ ಕ್ಷೇತ್ರದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಎಲ್ಲವನ್ನೂ ನಡುಚುಕ್ಕಿಯ ಮೂಲಕ ತಿರುವಿಹಾಕಿ. ಧ್ರುವೀಕರಣಕ್ಕೆ ಒಂದು ಮೈನಸ್ ಬರುತ್ತದೆ. ಕ್ಷೇತ್ರಕ್ಕೂ ಒಂದು ಮೈನಸ್. ಆದರೆ ಬಲಗಡೆ ಕ್ಷೇತ್ರ ಎರಡು ಸಲ ಇದೆ, ಎರಡು ಮೈನಸ್ ಸೇರಿ ಪ್ಲಸ್ ಆಗುತ್ತದೆ. ವಸ್ತು ಮಾತ್ರ ಬದಲಾಗಿಲ್ಲ. ಎಡಗಡೆ ಮೈನಸ್, ಬಲಗಡೆ ಪ್ಲಸ್. ಎರಡೂ ಸರಿಯಿರಬೇಕಾದರೆ ಉತ್ತರ ಸೊನ್ನೆ.

ಗಮನಿಸಿ, ಸೊನ್ನೆಯಾದದ್ದು ಈ ಒಂದು ದಾರಿ ಮಾತ್ರ. ಬಲಗಡೆ ಇನ್ನೊಂದು ಮೈನಸ್ ತಂದು ಕೂರಿಸಿದರೆ ಮೂರಾಗುತ್ತದೆ, ಲೆಕ್ಕ ಮತ್ತೆ ಸರಿಹೋಗುತ್ತದೆ. ಆ ಮೂರನೇ ಮೈನಸ್ಸನ್ನು ಎಲ್ಲಿಂದ ತರುತ್ತೀರಿ ಎಂಬುದರ ಮೇಲೆ ನಿಮ್ಮ ಪ್ರಯೋಗ ಯಾವುದೆಂದು ತೀರ್ಮಾನ ಆಗುತ್ತದೆ. ಹೊರಗಿನಿಂದ ನೇರ ವೋಲ್ಟೇಜ್ ಕೊಡಬಹುದು. ಕ್ಷೇತ್ರವು ಜಾಗದಿಂದ ಜಾಗಕ್ಕೆ ಬದಲಾಗುವ ರೀತಿ, ಅಂದರೆ ಗ್ರೇಡಿಯೆಂಟ್, ಆ ಕೆಲಸ ಮಾಡಬಹುದು. ಇಲ್ಲವೇ ಮೈನಸ್ಸಿನ ಗೊಡವೆಯೇ ಬೇಡ, ನಡುಚುಕ್ಕಿ ಇಲ್ಲದ ಜಾಗಕ್ಕೇ ಹೋಗಿ. ಅದು ವಸ್ತುವಿನ ಮೇಲ್ಮೈ. ಮೇಲೆ ಗಾಳಿ, ಕೆಳಗೆ ಹರಳು. ಅಲ್ಲಿ ಆಚೆ ಈಚೆ ಜೋಡಿ ಹೇಗೆ ಸಿಕ್ಕೀತು?

ಹರಳನ್ನು ಮೇಜಿನ ಮೇಲಿಡಿ

ಲೇಸರ್ ಹಚ್ಚುವ ಮುಂಚೆ ಈ ಕೆಲಸ. ಮೈಲುತುತ್ತವನ್ನು ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ಅಲುಗಾಡದ ಜಾಗದಲ್ಲಿ ಇಡಿ. ಕೆಲವು ದಿನದಲ್ಲಿ ಉಗುರಿನಷ್ಟು ದೊಡ್ಡ ನೀಲಿ ಹರಳು ಸಿಗುತ್ತದೆ. ಅದರಲ್ಲಿ ಒಂದೂ ಲಂಬಕೋನ ಇಲ್ಲ, ಎಲ್ಲಾ ಓರೆ. ಒಂದು ಮುಖವನ್ನು ಮೇಜಿಗೆ ತಾಗಿಸಿ ಪಕ್ಕದಿಂದ ನೋಡಿ. ಮೇಲಿನ ಮುಖ ಮೇಜಿಗೆ ಸಮಾನಾಂತರವಾಗಿರುತ್ತದೆ. ಮಗುಚಿ ಇನ್ನೊಂದು ಮುಖ ಇಡಿ, ಮತ್ತೆ ಅದೇ. ಪ್ರತಿ ಮುಖಕ್ಕೂ ಎದುರಿಗೆ ಸಮಾನಾಂತರ ಜೋಡಿ ಇದೆ ಅಂದರೆ ನಡುಚುಕ್ಕಿ ಇರಬಹುದು.

ಇರಬಹುದು ಅಷ್ಟೇ. ಸೋಡಿಯಂ ಕ್ಲೋರೇಟ್ ಉಪ್ಪಿನ ಹಾಗೇ ಚೌಕಾಕಾರದ ಹರಳಾಗಿ ಬೆಳೆಯುತ್ತದೆ, ಆದರೆ ಒಳಗಿನ ಜೋಡಣೆಗೆ ನಡುಚುಕ್ಕಿ ಇಲ್ಲ. ಹೊರಗಿನ ರೂಪ ಮೋಸ ಮಾಡುತ್ತದೆ. ಕೊನೆಗೆ ಎಕ್ಸ್-ರೇ ಮಾಹಿತಿಯಲ್ಲಿ ಸ್ಪೇಸ್ ಗ್ರೂಪ್, ಅಂದರೆ ಒಳಗಿನ ಜೋಡಣೆಯ ಸಮಮಿತಿ, ನೋಡಲೇಬೇಕು.

ಸಕ್ಕರೆಯ ವಿಷಯ ಇನ್ನೂ ಸುಲಭ. ಸಕ್ಕರೆಯ ಅಣುಗಳೆಲ್ಲ ಒಂದೇ ಕೈಯವು, ಎಡಗೈ ಬಲಗೈ ಬೆರಕೆ ಇಲ್ಲ. ನಡುಚುಕ್ಕಿಯ ಮೂಲಕ ತಿರುವಿದರೆ ಬಲಗೈ ಎಡಗೈ ಆಗುತ್ತದೆ, ಅಂಥ ಅಣು ಆ ಹರಳಿನಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಸಕ್ಕರೆಗೆ ನಡುಚುಕ್ಕಿ ಇರಲು ಸಾಧ್ಯವೇ ಇಲ್ಲ. ಕಬ್ಬಿನ ಸೀಮೆಯವರು ನಾವು. ಬೆಳಗಾವಿಯಲ್ಲಿ ಸಕ್ಕರೆಗೆಂದೇ ಒಂದು ಸಂಸ್ಥೆ ಇದೆ, ಮಹಾಲಿಂಗಪುರದ ಬೆಲ್ಲ ಊರೂರಿಗೆ ಹೋಗುತ್ತದೆ. ಹಾಗಿದ್ದೂ ಸಕ್ಕರೆ ಲೇಸರ್ ಬೆಳಕನ್ನು ಹಸಿರು ಮಾಡುತ್ತದೆ ಎಂದರೆ ತರಗತಿಯಲ್ಲಿ ಯಾರೂ ನಂಬುವುದಿಲ್ಲ. ಬೆಲ್ಲ ಬೇಡ, ಅದರ ಬಣ್ಣವೇ ಬೆಳಕು ನುಂಗುತ್ತದೆ.

ಕಣ್ಣು, ಬಳೆ, ಉಂಗುರ

1064 ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿನೊಳಗೆ ಹೋಗಿ ರೆಟಿನಾ ಮೇಲೆ ಕೂಡಿಕೊಳ್ಳುತ್ತದೆ. ರೆಪ್ಪೆ ಮುಚ್ಚುವ ಪ್ರಶ್ನೆಯೇ ಇಲ್ಲ, ಕಂಡರೆ ತಾನೇ ಮುಚ್ಚುವುದು. 1064 ತಡೆಯುವ ಕನ್ನಡಕ ಎಲ್ಲರಿಗೂ ಬೇಕು, ಬಾಗಿಲಲ್ಲಿ ನಿಂತು ನೋಡುವವರಿಗೂ. ವಾಚು, ಉಂಗುರ, ಪಾಟ್ಲಿ ತೆಗೆದಿಡಿ. ಕಿರಣದ ಎತ್ತರಕ್ಕೆ ಮುಖ ತರಬೇಡಿ, ಕುರ್ಚಿಯಲ್ಲಿ ಕುಳಿತರೆ ಕಣ್ಣು ಸರಿಯಾಗಿ ಅಲ್ಲಿಗೇ ಬರುತ್ತದೆ. ಸಂತೆಯಲ್ಲಿ ಸಿಗುವ ಅಗ್ಗದ ಹಸಿರು ಪಾಯಿಂಟರ್ ಈ ಕೆಲಸಕ್ಕೆ ಬರುವುದಿಲ್ಲ. ಅದರೊಳಗೂ 1064 ಹುಟ್ಟಿ ಕೆಟಿಪಿ ಎಂಬ ನಡುಚುಕ್ಕಿ ಇಲ್ಲದ ಹರಳಿನಲ್ಲಿ ಹಸಿರಾಗುತ್ತದೆ ನಿಜ, ಆದರೆ ಫಿಲ್ಟರ್ ಇಲ್ಲದಿದ್ದರೆ ಕಾಣದ ಬೆಳಕೂ ಜೊತೆಗೇ ಹೊರಬರುತ್ತದೆ.

ಜೋಡಣೆ

ಲೇಸರ್, ಬೆಳಕಿನ ಕ್ಷೇತ್ರವನ್ನು ಒಂದೇ ದಿಕ್ಕಿಗೆ ಅಲ್ಲಾಡುವಂತೆ ಮಾಡುವ ಪೋಲರೈಸರ್, ಆ ದಿಕ್ಕನ್ನು ತಿರುಗಿಸುವ ಹಾಫ್‌ವೇವ್ ಪ್ಲೇಟ್, ಸ್ಯಾಂಪಲ್, ಫಿಲ್ಟರ್, ತೀರಾ ಸಣ್ಣ ಬೆಳಕನ್ನೂ ಹಿಡಿಯುವ ಪಿಎಂಟಿ (ಫೋಟೋಮಲ್ಟಿಪ್ಲೈಯರ್ ಟ್ಯೂಬ್), ಆಸಿಲೋಸ್ಕೋಪ್. ಸರಣಿ ಇಷ್ಟೇ. ಎಡವುವುದು ಫಿಲ್ಟರಿನಲ್ಲಿ.

ಸ್ಯಾಂಪಲ್‌ಗೆ ಸ್ವಲ್ಪ ಮುಂಚೆ ಕೆಂಪು ಗಾಜಿನ ಲಾಂಗ್‌ಪಾಸ್ ಫಿಲ್ಟರ್ ಇಡಿ. ಅದು 1064 ಬಿಡುತ್ತದೆ, ಹಸಿರು ತಡೆಯುತ್ತದೆ. ಯಾಕೆಂದರೆ ಹಸಿರು ಬೆಳಕಿನ ವ್ಯವಸ್ಥೆಯೂ ಇರುವ ಲೇಸರಿನಿಂದ ಒಂದಿಷ್ಟು ಹಸಿರು ಸದಾ ಸೋರುತ್ತಿರುತ್ತದೆ, ದಾರಿಯಲ್ಲಿನ ಕನ್ನಡಿ ಲೆನ್ಸುಗಳ ಮೇಲ್ಮೈಯೂ ತನ್ನ ಪಾಲು ಸೇರಿಸುತ್ತದೆ. ಸ್ಯಾಂಪಲ್ ಆದ ಮೇಲೆ ಇದರ ಉಲ್ಟಾ: 1064 ತಡೆದು 532 ಬಿಡಬೇಕು.

ಇಲ್ಲಿ ಕಾಕಾನ ಪಾಕೀಟು ಕೆಲಸಕ್ಕೆ ಬರುತ್ತದೆ. ಮೈಲುತುತ್ತದ ಗಟ್ಟಿ ದ್ರಾವಣ ಹಸಿರು ನೀಲಿಯನ್ನು ಬಿಟ್ಟು ಅವಕೆಂಪನ್ನು, ಅಂದರೆ ನಮ್ಮ 1064 ಇರುವ ಕಾಣದ ಬೆಳಕನ್ನು, ಚೆನ್ನಾಗಿ ಹೀರುತ್ತದೆ. ಅಂಗಡಿಯ ಸರಕನ್ನು ನೇರ ಬಳಸಬೇಡಿ, ಒಮ್ಮೆ ಹರಳು ಮಾಡಿ ತೆಗೆಯಿರಿ. ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ, ಮಬ್ಬಾಗದಂತೆ ಒಂದೆರಡು ಹನಿ ತೆಳು ಸಲ್ಫ್ಯೂರಿಕ್ ಆಸಿಡ್ ಹಾಕಿ, ಕೆಲವು ಸೆಂಟಿಮೀಟರ್ ಅಗಲದ ಚಪ್ಪಟೆ ಗಾಜಿನ ಸೆಲ್ಲಿನಲ್ಲಿ ತುಂಬಿ. ಅದರ ಹಿಂದೆ 532ರ ಇಂಟರ್‌ಫಿಯರೆನ್ಸ್ ಫಿಲ್ಟರ್. ಪಿಎಂಟಿ ಬೈಆಲ್ಕಲಿ ಜಾತಿಯದಾದರೆ ಇನ್ನೂ ಒಳ್ಳೆಯದು, ಅದಕ್ಕೆ 1064 ಕಾಣುವುದೇ ಇಲ್ಲ. ಈ ಗಟ್ಟಿತನ ಎಲ್ಲ ಯಾಕೆ ಅಂದರೆ, ಒಂದು ಮಿಲಿಜೌಲ್ ಪಲ್ಸಿನಲ್ಲಿ ಸುಮಾರು 5ರ ಮುಂದೆ 15 ಸೊನ್ನೆ, ಅಷ್ಟು ಫೋಟಾನ್ ಒಳಹೋಗುತ್ತವೆ. ಮೇಲ್ಮೈಯಿಂದ ಹಸಿರಾಗಿ ಬರುವುದು ಕೆಲವೇ ಕೆಲವು. ಕೆಲವೊಮ್ಮೆ ಹತ್ತು ಪಲ್ಸಿಗೆ ಒಂದು.

ಮೈಲುತುತ್ತದ ಪುಡಿಯನ್ನೇ ಕಿರಣಕ್ಕೆ ಹಿಡಿಯುವ ಆಸೆ ಬರುತ್ತದೆ. ಸುಮ್ನೆ ಬಿಡಿ. ಅದು 1064 ಹೀರಿ ಬಿಸಿಯಾಗುತ್ತದೆ. ಬಿಸಿಯಾದರೆ ಹರಳಿನ ನೀರು ಬಿಟ್ಟು ಬೆಳ್ಳಗಾಗುತ್ತದೆ, ಆಮೇಲೆ ನಿಮ್ಮ ಮುಂದೆ ಇರುವುದು ಬೇರೆಯದೇ ವಸ್ತು.

ಸಕ್ಕರೆ, ಉಪ್ಪು, 00:52:34

ಪುಡಿ ಪರೀಕ್ಷೆಯನ್ನು 1968ರಲ್ಲಿ ಕರ್ಟ್ಜ್ ಮತ್ತು ಪೆರಿ ಎಂಬವರು ವಿವರಿಸಿದರು. ದೊಡ್ಡ ಹರಳು ಬೆಳೆಸದೆ, ಪುಡಿ ಮಾಡಿ ಎರಡು ಗಾಜಿನ ನಡುವೆ ಇಟ್ಟು ಹಸಿರು ಬರುತ್ತದೋ ಇಲ್ಲವೋ ನೋಡುವುದು. ಜೋಡಣೆ ಸರಿ ಇದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಮೊದಲು ಕೆಡಿಪಿ ಇಡಿ, ಹಸಿರು ಧಾರಾಳ ಬರಬೇಕು. ಬರದಿದ್ದರೆ ತಪ್ಪು ಜೋಡಣೆಯಲ್ಲಿದೆ. ಆಮೇಲೆ ಸಕ್ಕರೆ, ಸಿಗ್ನಲ್ ಇಳಿಯುತ್ತದೆ ಆದರೆ ಇರುತ್ತದೆ. ಕೊನೆಗೆ ಉಪ್ಪು. ಉಪ್ಪಿಗೆ ನಡುಚುಕ್ಕಿ ಇದೆ, ಏನೂ ಕಾಣಬಾರದು. ಮೂರನ್ನೂ ಒಂದೇ ಜರಡಿಯಲ್ಲಿ ಹಿಡಿದು ಒಂದೇ ಗಾತ್ರದ ಪುಡಿ ಬಳಸಿ, ಕಣದ ಗಾತ್ರ ಬದಲಾದರೆ ಸಿಗ್ನಲ್ಲೂ ಬದಲಾಗುತ್ತದೆ.

ನಮ್ಮಲ್ಲಿ ಉಪ್ಪು ಹಸಿರು ಕೊಟ್ಟಿತು.

ಜುಲೈ ತಿಂಗಳು, ಬೆಳಗಾವಿ ಮಳೆ. ಇಬ್ಬರು ವಿದ್ಯಾರ್ಥಿಗಳು ಕುಣಿಯುವುದೊಂದು ಬಾಕಿ. ಒಂದು ವಾರ ಆ ಸಿಗ್ನಲ್ ಹಿಂದೆ ಬಿದ್ದೆವು. ಗ್ರಾಫ್ ಬರೆದೆವು, ಇದು ಗ್ರೇಡಿಯೆಂಟಿನ ಕೆಲಸ ಎಂದುಕೊಂಡು ಕ್ವಾಡ್ರುಪೋಲ್ ಎಂದು ಹೆಸರಿಟ್ಟೆವು, ಅರ್ಧ ಪುಟ ಟೈಪ್ ಕೂಡ ಆಯಿತು. ನಾನೇ ಹುರಿದುಂಬಿಸಿದ್ದು, ಹುಡುಗರ ತಪ್ಪಿಲ್ಲ. ಆಮೇಲೆ ಒಬ್ಬಳು ಅಗೇಟ್ ಕುಟ್ಟಾಣಿಯ ತಳಕ್ಕೆ ಬೆರಳು ತಾಗಿಸಿ, "ಸರ್, ಇದು ಜಿಗುಟು ಜಿಗುಟು ಅದ" ಎಂದಳು. ಮಳೆಯ ತೇವಕ್ಕೆ ಸಕ್ಕರೆ ಪುಡಿ ತಳದ ಗೀರುಗಳಲ್ಲಿ ಅಂಟಿಕೊಂಡಿತ್ತು. ಉಪ್ಪು ಅರೆದಾಗ ಅದರೊಳಗೆ ಸೇರಿತ್ತು. ಕುಟ್ಟಾಣಿಯನ್ನು ಬಿಸಿನೀರಲ್ಲಿ ತೊಳೆದು, ಉಪ್ಪನ್ನು ಓವನ್‌ನಲ್ಲಿ ಒಣಗಿಸಿ ಮತ್ತೆ ಅರೆದೆವು. ಆಸಿಲೋಸ್ಕೋಪಿನಲ್ಲಿ ಗೆರೆ ಚಪ್ಪಟೆ.

ಅಂದಿನಿಂದ ಉಪ್ಪಿಗೆ ಬೇರೆ ಕುಟ್ಟಾಣಿ. ಅಡುಗೆಮನೆಯ ಅಯೋಡಿನ್ ಉಪ್ಪನ್ನೂ ಬಳಸಬೇಡಿ. ಅದರಲ್ಲಿ ತುಸು ಪೊಟ್ಯಾಸಿಯಂ ಅಯೊಡೇಟ್ ಬೆರೆತಿರುತ್ತದೆ, ಅಯೊಡೇಟ್‌ಗೆ ನಡುಚುಕ್ಕಿ ಇಲ್ಲ. ಲ್ಯಾಬಿನ ಶುದ್ಧ ಸೋಡಿಯಂ ಕ್ಲೋರೈಡ್ ತನ್ನಿ.

ತಪ್ಪು ಉಲ್ಟಾ ದಿಕ್ಕಿನಲ್ಲೂ ಆಗುತ್ತದೆ. 1961ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಫ್ರಾಂಕೆನ್ ಮತ್ತು ಜೊತೆಗಾರರು ಮೊದಲ ಬಾರಿ ಎರಡನೇ ಹಾರ್ಮೋನಿಕ್ ಹಿಡಿದರು. ರೂಬಿ ಲೇಸರಿನ 694.3 ನ್ಯಾನೋಮೀಟರ್ ಬೆಳಕು ಕ್ವಾರ್ಟ್ಜ್ ಹರಳಿನಲ್ಲಿ ಹಾಯ್ದು 347.2ರಲ್ಲಿ ಸಣ್ಣ ಚುಕ್ಕಿಯಾಗಿ ಫೋಟೋ ಪ್ಲೇಟಿನ ಮೇಲೆ ಬಿತ್ತು. ಪತ್ರಿಕೆಯಲ್ಲಿ ಅಚ್ಚಾಗುವಾಗ ಆ ಚುಕ್ಕಿಯನ್ನು ಕಲೆ ಎಂದುಕೊಂಡು ಅಳಿಸಿಬಿಟ್ಟರು. ಬಾಣದ ಗುರುತು ಮಾತ್ರ ಉಳಿಯಿತು, ಅದು ಖಾಲಿ ಜಾಗವನ್ನು ತೋರಿಸುತ್ತಿತ್ತು.

ಈಗ ಸಿಲಿಕಾನ್

ನಡುಚುಕ್ಕಿ ಇರುವ ವಸ್ತುವಿನಿಂದ ನಿಜವಾಗಿ ಹಸಿರು ಪಡೆಯಲು ಸಿಲಿಕಾನ್ (111) ವೇಫರ್ ತನ್ನಿ, ಅಂದರೆ (111) ಎಂಬ ಹರಳು ಮುಖ ಮೇಲೆ ಬರುವಂತೆ ಕತ್ತರಿಸಿದ ಬಿಲ್ಲೆ, ಕನ್ನಡಿಯಂತೆ ಹೊಳೆಯುವುದು. ಹಳೇ ಸೋಲಾರ್ ಪ್ಯಾನೆಲ್ಲಿನ ಚೂರು ನಡೆಯುವುದಿಲ್ಲ, ಬೆಳಕು ಹಿಡಿಯಲೆಂದು ಅದರ ಮೈಯನ್ನು ಬೇಕೆಂದೇ ಒರಟು ಮಾಡಿರುತ್ತಾರೆ. ಬೆರಳು ತಾಗಿಸಬೇಡಿ.

ವೇಫರನ್ನು ತಿರುಗುವ ಸ್ಟೇಜ್ ಮೇಲೆ ಕೂರಿಸಿ, ಕಿರಣ 45 ಡಿಗ್ರಿ ಓರೆಯಾಗಿ ಬೀಳಲಿ. ಪ್ರತಿಫಲಿಸಿದ ಕಿರಣದ ದಾರಿಯಲ್ಲೇ ಹಸಿರೂ ಬರುತ್ತದೆ, ಹುಡುಕುವ ಕಷ್ಟ ಇಲ್ಲ. ಕಡಿಮೆ ಶಕ್ತಿಯಿಂದ ಶುರು ಮಾಡಿ ಮೆಲ್ಲಗೆ ಏರಿಸಿ. ಬಿಳಿ ಕಿಡಿ ಕಂಡರೆ, ಅಥವಾ ಒಂದೇ ಜಾಗದಲ್ಲಿ ಸಿಗ್ನಲ್ ತಾನಾಗಿ ಕುಸಿಯುತ್ತಾ ಹೋದರೆ, ವೇಫರ್ ಸುಟ್ಟಿತು ಅಂತ ಅರ್ಥ. ಜಾಗ ಬದಲಿಸಿ, ಶಕ್ತಿ ಇಳಿಸಿ.

ಈಗ ವೇಫರನ್ನು ಅದರ ಸಮತಲದಲ್ಲೇ ಐದೈದು ಡಿಗ್ರಿ ತಿರುಗಿಸುತ್ತಾ ಅಳೆಯಿರಿ. ಒಳಗೆ ಪಿ ಬೆಳಕು (ಬೀಳುವ ಮತ್ತು ಪ್ರತಿಫಲಿಸುವ ಕಿರಣಗಳ ಸಮತಲದಲ್ಲೇ ಕ್ಷೇತ್ರ ಅಲ್ಲಾಡುವುದು) ಕೊಟ್ಟು, ಹೊರಗೆ ಎಸ್ (ಆ ಸಮತಲಕ್ಕೆ ಲಂಬವಾಗಿ ಅಲ್ಲಾಡುವುದು) ಮಾತ್ರ ಹಿಡಿಯಿರಿ. ಒಂದು ಸುತ್ತಿಗೆ ಆರು ಸಮ ಶಿಖರ ಬರಬೇಕು. ಹೊರಗೂ ಪಿ ಹಿಡಿದರೆ ಆ ಆರರಲ್ಲಿ ಮೂರು ದೊಡ್ಡದು ಮೂರು ಚಿಕ್ಕದು ಆಗುತ್ತವೆ, ಇಲ್ಲವೇ ಮೂರೇ ಉಳಿಯುತ್ತವೆ. (111) ಮುಖದಲ್ಲಿ ಪರಮಾಣುಗಳು ಮೂರು ದಿಕ್ಕಿಗೆ ಕೂತಿರುವ ಕ್ರಮ ಇದು. 1983ರಲ್ಲಿ ಟಾಮ್, ಹೈನ್ಜ್, ಶೆನ್ ಸಿಲಿಕಾನ್ ಮೇಲೆ ಮಾಡಿ ತೋರಿಸಿದ ಅಳತೆ ಇದೇ ಬಗೆಯದು. ನನ್ನ ಮಟ್ಟಿಗೆ ಇಡೀ ಪ್ರಾಜೆಕ್ಟಿನಲ್ಲಿ ಇದಕ್ಕಿಂತ ಚಂದದ ಗಳಿಗೆ ಇಲ್ಲ. ಕಾಗದದ ಮೇಲೆ ಆರೆಸಳಿನ ಹೂ ಒಂದೊಂದೇ ಎಸಳಾಗಿ ಬಿಡುತ್ತಾ ಹೋಗುತ್ತದೆ. ನಡುವೆ ಕರೆಂಟ್ ಹೋದರೆ ಮೊದಲಿಂದ ಶುರು ಮಾಡಿ. ಲೇಸರ್ ಮತ್ತೆ ಕಾದು ಸ್ಥಿರವಾಗುವ ತನಕ ತೆಗೆದ ಎಸಳು ಹಳೆಯ ಎಸಳಿಗೆ ಹೊಂದುವುದಿಲ್ಲ.

ವೋಲ್ಟೇಜ್ ದಾರಿ, ಗಾಜಿನ ದಾರಿ

1962ರಲ್ಲಿ ಟರ್ಹ್ಯೂನ್, ಮೇಕರ್, ಸ್ಯಾವೇಜ್ ಕ್ಯಾಲ್ಸೈಟ್ ಹರಳಿಗೆ ನೇರ ವೋಲ್ಟೇಜ್ ಕೊಟ್ಟು ಎರಡನೇ ಹಾರ್ಮೋನಿಕ್ ಪಡೆದರು. ಕ್ಯಾಲ್ಸೈಟ್‌ಗೆ ನಡುಚುಕ್ಕಿ ಇದೆ. ವೋಲ್ಟೇಜ್ ಮೂರನೇ ಮೈನಸ್ ಆಯಿತು. ವೋಲ್ಟೇಜ್ ಇಲ್ಲದೆಯೂ ತೀರಾ ಸಣ್ಣ ಸಿಗ್ನಲ್ ಸಿಕ್ಕಿತು, ಅದು ಗ್ರೇಡಿಯೆಂಟಿನ ಕೆಲಸ.

ನೀವು ಇದನ್ನು ಮಾಡುವುದಾದರೆ ವೋಲ್ಟೇಜ್ ದುಪ್ಪಟ್ಟು ಮಾಡಿ ನೋಡಿ, ಸಿಗ್ನಲ್ ನಾಲ್ಕು ಪಟ್ಟಾಗಬೇಕು. ಆಮೇಲೆ ಪ್ಲಸ್ ಮೈನಸ್ ತಂತಿ ಅದಲು ಬದಲು ಮಾಡಿ. ಎರಡೂ ಕಡೆ ಸಿಗ್ನಲ್ ಒಂದೇ ಇದ್ದರೆ ಸರಿ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಬಂದರೆ ಹಿನ್ನೆಲೆಯಲ್ಲಿ ಇನ್ನೊಂದು ಹಸಿರು ಅಡಗಿದೆ, ಒಮ್ಮೆ ಕೂಡಿಕೊಂಡು ಒಮ್ಮೆ ಕಳೆದುಕೊಂಡು ಬರುತ್ತಿದೆ. ಅದನ್ನು ಹುಡುಕಿ.

ಗಾಜಿನಲ್ಲಿ ವೋಲ್ಟೇಜನ್ನು ಒಳಗೇ ಹೂತಿಡಬಹುದು. 1991ರಲ್ಲಿ ಮೈಯರ್ಸ್, ಮುಖರ್ಜಿ, ಬ್ರೂಕ್ ತೋರಿಸಿದ ವಿಧಾನ. ಸಿಲಿಕಾ ಗಾಜನ್ನು 250ರಿಂದ 300 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯಿಸಿ, ಕೆಲವು ಕಿಲೋವೋಲ್ಟ್ ಕೊಟ್ಟು, ವೋಲ್ಟೇಜ್ ಹಾಗೇ ಇರುವಾಗಲೇ ತಣ್ಣಗಾಗಲು ಬಿಡುವುದು. ಬಿಸಿಯಲ್ಲಿ ಸೋಡಿಯಂ ಅಯಾನುಗಳು ಆನೋಡ್ (ಪ್ಲಸ್ ತಂತಿ) ಕಡೆಯಿಂದ ಸರಿದು ಹೋಗುತ್ತವೆ, ತಣ್ಣಗಾದ ಮೇಲೆ ವಾಪಸ್ ಬರಲಾರವು. ಆನೋಡ್ ಬದಿಯ ಕೆಲವೇ ಮೈಕ್ರಾನ್ ದಪ್ಪದಲ್ಲಿ ಕ್ಷೇತ್ರ ಉಳಿದುಬಿಡುತ್ತದೆ. ವೋಲ್ಟೇಜ್ ತೆಗೆದು ಅವಸರ ಮಾಡಿದರೆ ಎಲ್ಲಾ ನೀರಲ್ಲಿ ಹೋಮ. ಕಿಲೋವೋಲ್ಟಿನ ಸಪ್ಲೈ ಎಂದರೆ ಹುಡುಗಾಟ ಅಲ್ಲ, ಒಬ್ಬರೇ ಇದ್ದಾಗ ಮಾಡಬೇಡಿ.

ಬಂದದ್ದು ಅದೇನಾ?

ಹಸಿರು ಕಂಡಿತು ಎಂದು ಬರೆದರೆ ವೈವಾದಲ್ಲಿ ಸಾಲದು. ಲೇಸರ್ ಶಕ್ತಿ ಬದಲಿಸುತ್ತಾ ಸಿಗ್ನಲ್ ಅಳೆದು ಲಾಗ್-ಲಾಗ್ ಗ್ರಾಫ್ ಹಾಕಿ, ಇಳಿಜಾರು 2 ಬರಬೇಕು. ಆದರೆ ಎರಡು ಫೋಟಾನ್ ಹೀರಿ ಹೊಳೆಯುವ ಕೊಳೆ ಇದ್ದರೂ 2 ಬರುತ್ತದೆ, ಇಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ. ಅದಕ್ಕೆ 532 ಫಿಲ್ಟರ್ ತೆಗೆದು 560ರದ್ದು ಹಾಕಿ. ಹಾರ್ಮೋನಿಕ್ ಆಗಿದ್ದರೆ ಸಿಗ್ನಲ್ ಮಾಯ ಆಗಬೇಕು, ಕೊಳೆಯ ಹೊಳಪಾಗಿದ್ದರೆ ಇನ್ನೂ ಇರುತ್ತದೆ.

ಆಮೇಲೆ ಸ್ಯಾಂಪಲ್ ತೆಗೆದು ಅಲ್ಲಿ ಏನೂ ಇಡದೆ ಅಳೆಯಿರಿ. ಕೇಳಲು ತೀರಾ ಸಿಲ್ಲಿ ಅನಿಸುತ್ತದೆ, ಮಾಡುವವರು ಕಡಿಮೆ.

ಗಾಜಿನಂಥ, ಎಲ್ಲಾ ದಿಕ್ಕಿಗೂ ಒಂದೇ ಆಗಿರುವ ಮೇಲ್ಮೈಯಾದರೆ ಇನ್ನೆರಡು ಪರೀಕ್ಷೆ ಇವೆ. ಒಳಗೆ ಶುದ್ಧ ಎಸ್ ಅಥವಾ ಶುದ್ಧ ಪಿ ಕೊಟ್ಟಾಗ ಹೊರಗೆ ಎಸ್ ಹಸಿರು ಬರಬಾರದು. ಕಿರಣ ನೇರ ಲಂಬವಾಗಿ ಬಿದ್ದರೆ ಯಾವುದೂ ಬರಬಾರದು. ಬಂದರೆ ಮತ್ತೆ ಕುಟ್ಟಾಣಿ ಕಥೆಯೇ. ಸಿಲಿಕಾನ್ (111)ಗೆ ಈ ಎರಡು ನಿಯಮ ಹಾಕಬೇಡಿ, ಅದರ ಮೂರು ದಿಕ್ಕಿನ ಕ್ರಮ ಇವನ್ನು ಮುರಿಯುತ್ತದೆ.

ಇಷ್ಟೆಲ್ಲಾ ಆದ ಮೇಲೂ ಪರೀಕ್ಷಕರು ಒಂದು ಪ್ರಶ್ನೆ ಕೇಳಬಹುದು: ಇದು ಮೇಲಿನ ಒಂದೆರಡು ಪರಮಾಣು ಪದರದಿಂದ ಬಂತೋ, ಒಳಗಿನ ಗ್ರೇಡಿಯೆಂಟಿನಿಂದ ಬಂತೋ? ಈ ಲೆಕ್ಕವನ್ನು 1968ರಲ್ಲಿ ವಿಸ್ತಾರವಾಗಿ ಮಾಡಿದವರು ಬ್ಲೂಮ್‌ಬರ್ಗೆನ್, ಚಾಂಗ್, ಝಾ ಮತ್ತು ಲೀ. ಬ್ಲೂಮ್‌ಬರ್ಗೆನ್‌ಗೆ 1981ರಲ್ಲಿ ನೊಬೆಲ್ ಬಂತು. ಝಾ ಅಂದರೆ ನಮ್ಮ ಸುಧಾಂಶು ಶೇಖರ್ ಝಾ, ಮುಂದೆ ಮುಂಬೈನ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ನಿರ್ದೇಶಕರಾದರು. ಆ ಲೆಕ್ಕದಲ್ಲಿ ಗ್ರೇಡಿಯೆಂಟಿನ ಪದಗಳಲ್ಲಿ (ಟರ್ಮ್) ಒಂದು ಮೇಲ್ಮೈಯ ಪದದ ಜೊತೆ ಹೇಗೆ ಬೆರೆತಿದೆ ಎಂದರೆ, ಪ್ರತಿಫಲನ ಒಂದನ್ನೇ ಅಳೆದು ಅವೆರಡನ್ನು ಬೇರೆ ಮಾಡಲು ಆಗುವುದೇ ಇಲ್ಲ. ಹಾಗಾಗಿ "ಎರಡೂ ಸೇರಿದ ಪರಿಣಾಮ ಅಳೆದಿದ್ದೇವೆ" ಎಂದು ಧೈರ್ಯವಾಗಿ ಬರೆಯಿರಿ. ಮೇಲ್ಮೈಯನ್ನು ಬದಲಿಸಿದಾಗ, ಉದಾಹರಣೆಗೆ ಆಕ್ಸೈಡ್ ಪದರ ತೆಗೆದಾಗ, ಸಿಗ್ನಲ್ ಎಷ್ಟು ಬದಲಾಯಿತು ಎಂಬುದನ್ನೂ ಬರೆದರೆ ಮೇಲ್ಮೈಯ ಪಾಲು ಇದೆ ಎಂದಾದರೂ ತೋರಿಸಿದಂತೆ. ಆಕ್ಸೈಡ್ ತೆಗೆಯುವ ಎಚ್‌ಎಫ್ (ಹೈಡ್ರೋಫ್ಲೋರಿಕ್) ಆಸಿಡ್ ಬಲು ಅಪಾಯದ್ದು, ಅದಕ್ಕೆ ತಕ್ಕ ವ್ಯವಸ್ಥೆ ಇಲ್ಲದ ಲ್ಯಾಬಿನಲ್ಲಿ ಆ ಬಾಟಲಿ ಮುಟ್ಟಬೇಡಿ.

ಕೆಲಸ ಮುಗಿದ ಮೇಲೆ ಮೈಲುತುತ್ತದ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ, ತಾಮ್ರ ಮೀನಿಗೆ ವಿಷ. ಬಾಟಲಿಗೆ ಹಾಕಿ ಹೆಸರು ತಾರೀಕು ಬರೆದಿಡಿ, ಮುಂದಿನ ಬ್ಯಾಚಿನವರಿಗೆ ಅದೇ ನಡೆಯುತ್ತದೆ. ಉಳಿದ 00:52:34ನ್ನು ನಾವು ಡಿಪಾರ್ಟ್‌ಮೆಂಟಿನ ಮುಂದಿನ ದಾಸವಾಳಕ್ಕೆ ಚಿಟಿಕೆ ಚಿಟಿಕೆಯಾಗಿ ನೀರಲ್ಲಿ ಕಲಸಿ ಹಾಕುತ್ತಿದ್ದೇವೆ.